ಗಂಗವ್ವ ಮೂಸಿದ ಮಲ್ಲಿಗೆ

ನಮ್ಮ ಕರುಳಿನಲ್ಲಿರುವ ಬ್ಯಾಕ್ಟೀರಿಯಾದ ವಾಸನೆ ಹೇಗಿರುತ್ತದೆಂದು ನಾನು ವಿವರಿಸಬೇಕಿಲ್ಲ. ಪುಣೆಯ ನಮ್ಮ ಲ್ಯಾಬಿನಲ್ಲಿ ವರ್ಷವಿಡೀ ಹೆಣಗಿ ಆ ನಾತ ಹೋಗಲಾಡಿಸಿ, ಮಲ್ಲಿಗೆಯ ಪರಿಮಳ ತಯಾರಿಸುವ ಕಿಣ್ವಗಳನ್ನು ಆ ಬ್ಯಾಕ್ಟೀರಿಯಾಕ್ಕೆ ಕೂಡಿಸಿದ್ದೆವು. ಪರಿಮಳವೇನೋ ಬಂತು, ಆದರೆ ಸೋಪಿನದು. ಎಲ್ಲಿ ತಪ್ಪಿದೆವೆಂದು ಯಾರಿಗೂ ತಿಳಿಯಲಿಲ್ಲ.

ಕೊನೆಗೆ ಅದರಿಂದ ಇಳಿಸಿದ ಅತ್ತರಿನ ಸೀಸೆ ಹಿಡಿದು ಮಾರ್ಕೆಟ್ ಯಾರ್ಡಿಗೆ ಹೋದೆ. ಅಲ್ಲಿ ಹೂ ಮಾರುವ ಗಂಗವ್ವ ಧಾರವಾಡ ಕಡೆಯವರು.

"ಮೂಸಿ ನೋಡ್ರಿ," ಎಂದೆ.

ಮುಖ ತಿರುಗಿಸಿದರು. "ದೇವರಿಗೆ ಹೋಗೂ ಹೂವು ನಾ ಎಂದೂ ಮೂಸಿಲ್ಲ."

"ಇದು ಹೂವಲ್ರಿ ಅವ್ವಾ, ಬ್ಯಾಕ್ಟೀರಿಯಾ ಮಾಡಿದ್ದು."

"ಅಂದ್ರ ಹುಳಾ?"

"ಹುಳಾನೇ ಅನ್ರಿ."

"ದೇವರಿಗೆ ನಡಿಯೂದಿಲ್ಲಲ್ಲ?"

"ಇಲ್ರಿ."

ತಕ್ಷಣ ಸೀಸೆ ಕಸಿದುಕೊಂಡರು. ಕಣ್ಣು ಮುಚ್ಚಿ, ಇಷ್ಟು ವರ್ಷ ತಡೆದಿದ್ದನ್ನೆಲ್ಲ ಒಂದೇ ಉಸಿರಿಗೆ ಎಳೆದುಕೊಂಡರು.

"ಭಾಳ ಸ್ವಚ್ಛ ಅದರಿ ಇದು," ಎಂದರು. "ನಾ ಮೂಸದಿದ್ರೂ ದಿನಾ ಮಲ್ಲಿಗಿ ಬುಟ್ಟಿ ಮುಂದನ ಕುಂದರತೀನಿ. ಖರೇ ಮಲ್ಲಿಗ್ಯಾಗ ಒಂಚೂರು ಹೊಲಸು ನಾತ ಇರತದ. ಇದರಾಗ ಆ ನಾತನ ಇಲ್ಲ."

ನಾನು ಪೆಚ್ಚಾದೆ. ಕರುಳಿನ ನಾತಕ್ಕೆ ಕಾರಣವಾದ ವಸ್ತುವೇ ಮಲ್ಲಿಗೆಯಲ್ಲೂ ಒಂಚೂರು ಇರುತ್ತದೆ; ನಾವು ಕಷ್ಟಪಟ್ಟು ತೆಗೆದದ್ದು ಅದನ್ನೇ. ಮರುದಿನ ಲ್ಯಾಬಿಗೆ ಹೋಗಿ, ಕಳೆದ ನಾತವನ್ನು ಚಿಟಿಕೆಯಷ್ಟು ಮರಳಿಸುವ ಕೆಲಸಕ್ಕೆ ಕೂತೆ.

ಸೀಸೆಯನ್ನು ಮಾತ್ರ ಗಂಗವ್ವ ವಾಪಸು ಕೊಡಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತ ಹೇಳಿದ್ದರು: "ದೇವರಿಗೆ ನಡಿಯೂದಿಲ್ಲಂದ್ರ, ಇದು ನನಗ ಇರಲಿ."