ಡೀಸೆಲ್ ಟ್ಯಾಂಕಿನ ಮೇಲೆ ಕುಳಿತ ಮಧ್ಯಾಹ್ನ

ನನ್ನ ಗಂಡ ವಾಡಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾರೆ. ಅಂಗಡಿಯೆಂದರೆ ಮನೆಯ ಮುಂದೆ ಒಂದು ತಗಡಿನ ಚಪ್ಪರ, ಶಹಾಬಾದ ಕಲ್ಲು ಹಾಸಿದ ಅಂಗಳ. ಗೇಟು, ಕಿಟಕಿ, ಟ್ರ್ಯಾಕ್ಟರಿನ ಟ್ರಾಲಿ, ಏನೇ ಬರಲಿ, ನಾನು ಒಳಗಿನಿಂದ ಇಣುಕುವವಳಲ್ಲ. ಹಳೆಯ ಡೀಸೆಲ್ ಟ್ಯಾಂಕು ಬಂದರೆ ಮಾತ್ರ ಹೊರಗೆ ಬಂದು ನಿಲ್ಲುತ್ತೇನೆ. ಆ ಭಯ ಕಲಿಸಿದವರು ಇವರೇ.

"ತುಂಬಿದ್ದಕ್ಕಿಂತ ಖಾಲಿ ಟ್ಯಾಂಕೇ ಭಾಳ ಖತರನಾಕ್," ಎಂದು ಮದುವೆಯಾದ ಹೊಸದರಲ್ಲೇ ಹೇಳಿದ್ದರು. "ಸಂದ್ಯಾಗ, ತುಕ್ಕಿನಾಗ ಎಣ್ಣಿ ಕುಂತಿರ್ತದ. ಬೆಂಕಿ ತಾಗಿದ್ರ ಆವಿ ಆಗ್ತದ, ಒಳಗಿನ ಗಾಳಿ ಜೋಡಿ ಕೂಡ್ತದ. ಆಮ್ಯಾಲ ಅದು ಟ್ಯಾಂಕಲ್ಲ, ಬಾಂಬು." ಗಿರಾಕಿಗಳಿಗೂ ಇದನ್ನೇ ಹೇಳಿ ವಾಪಸು ಕಳಿಸುತ್ತಿದ್ದರು. ಅಂಥ ಟ್ಯಾಂಕಿನ ಒಳಗನ್ನು ಸರಿಯಾಗಿ ಶುದ್ಧ ಮಾಡುವ, ಆವಿ ಉಳಿದಿದೆಯೋ ಇಲ್ಲವೋ ಅಳೆದು ನೋಡುವ ಸಾಧನ ನಮ್ಮಂಥ ಅಂಗಡಿಯಲ್ಲಿ ಇರುವುದಿಲ್ಲ ಎನ್ನುತ್ತಿದ್ದರು. ಊರಿಗೆಲ್ಲ ಇಷ್ಟು ಬುದ್ಧಿ ಹೇಳುವ ಮನುಷ್ಯ ನನ್ನ ಅಣ್ಣನ ಮುಂದೆ ಮಾತ್ರ ಬಾಯಿ ಬಿಡಲಾರರು.

ಆಡಕಿಯಲ್ಲಿ ಹೊಲ ಮಾಡಿಕೊಂಡಿರುವ ಅಣ್ಣ ಹೋದ ಬೇಸಿಗೆಯಲ್ಲಿ ಹಳೆಯ ಲಾರಿಯೊಂದರ ಡೀಸೆಲ್ ಟ್ಯಾಂಕನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದ.

"ಇದನ್ನ ಉದ್ದಕ ಸೀಳಿಬಿಡ್ರಿ. ದನಕ್ಕ ನೀರು ಕುಡಿಸ್ಲಿಕ್ಕ ಎರಡು ದೋಣಿ ಆಗ್ತಾವ," ಅಂದ.

ಇವರು ಟ್ಯಾಂಕು ನೋಡಿದರು, ತಗಡು ನೋಡಿದರು. "ಬರ್ರಿ ಭಾವಾ, ಕುಂದ್ರಿ. ಮೊದಲ ಚಾ ಕುಡೀರಿ," ಅಂದರು. ಚಹಾ ಕುಡಿಯುತ್ತ ನಿಧಾನವಾಗಿ ಒಲ್ಲೆ ಅನ್ನುತ್ತಾರೆಂದು ನಾನು ರೊಟ್ಟಿ ಬಡಿಯಲು ಕುಳಿತೆ. ಊಟಕ್ಕೆ ಕರೆಯಲು ಹೊರಗೆ ಬಂದರೆ ಗ್ಯಾಸ್ ಕಟರ್ ಕೈಯಲ್ಲಿ ಹಿಡಿದು ನಿಂತಿದ್ದಾರೆ.

"ಏನ್ ಮಾಡ್ಲಿಕತ್ತೀರಿ?"

"ತೊಳದು ತಂದಾರಂತ," ಅಂದರು, ನನ್ನ ಮುಖ ನೋಡದೆ.

"ಸೋಡಾ ಹಾಕಿ ತೊಳದೀನಿ, ಬಿಸಲಾಗ ಒಣಗಿಸೀನಿ. ಬೇಕಾದ್ರ ಮೂಸಿ ನೋಡು ತಂಗಿ," ಅಂದ ಅಣ್ಣ.

"ನನ್ನ ಮೂಗಿಗೆ ಏನು ತಿಳೀತದ ಅಣ್ಣಾ? ವಾಸನಿ ಇಲ್ಲಂದ್ರ ಎಣ್ಣಿ ಇಲ್ಲಂತೇನು?"

ಇವರು ನನ್ನನ್ನು ಬದಿಗೆ ಕರೆದು, "ಬ್ಯಾರೆಯವರಿದ್ರ ಇಲ್ಲಂತಿದ್ದೆ. ನಿಮ್ಮಣ್ಣಗ ಹೆಂಗನ್ಲಿ?" ಎಂದು ಪಿಸುಗುಟ್ಟಿದರು.

"ಇವ ನಿಮ್ಮ ಭಾವ ಅಂತ ಟ್ಯಾಂಕಿಗೆ ಗೊತ್ತದ ಏನ್ರಿ?"

ಇವರು ಕಟರ್ ಹಿಡಿದು ಮತ್ತೆ ಟ್ಯಾಂಕಿನ ಕಡೆ ತಿರುಗಿದರು. ನನಗೆ ರೇಗಿತು. ಹೋಗಿ ಆ ಟ್ಯಾಂಕಿನ ಮೇಲೆ ಕುಳಿತುಬಿಟ್ಟೆ. ಬಿಸಿಲಿಗೆ ಕಾದ ಕಬ್ಬಿಣ ಸೀರೆಯೊಳಗಿಂದ ಚುರುಗುಟ್ಟುತ್ತಿತ್ತು. ರಸ್ತೆಯಲ್ಲಿ ಹೋಗುವವರು ನಿಂತು ನೋಡತೊಡಗಿದರು.

"ಏಳು ತಂಗಿ, ಮಂದಿ ನೋಡ್ಲಿಕತ್ತಾರ."

"ನೋಡ್ಲಿ."

ಕೊನೆಗೆ ಇವರು ಕಟರ್ ಕೆಳಗಿಟ್ಟು ಸಿಲಿಂಡರಿನ ಚಾವಿ ತಿರುವಿ ಗ್ಯಾಸ್ ಬಂದ್ ಮಾಡಿದರು. ಮುಖದ ಮೇಲೆ ನಿರಾಳ! ಅದನ್ನು ಕಂಡು ನನ್ನ ಸಿಟ್ಟು ಇನ್ನಷ್ಟು ಏರಿತು. ಬೇಡವೆಂಬುದು ಇವರ ಮನಸ್ಸಿನಲ್ಲೂ ಇತ್ತು. ಅದನ್ನು ಆಡಿ ಕೆಟ್ಟವಳಾಗುವ ಕೆಲಸ ಮಾತ್ರ ನನ್ನದು.

ಅಣ್ಣ ಊಟಕ್ಕೂ ನಿಲ್ಲಲಿಲ್ಲ. "ತವರಿನವರಿಗೆ ನಿನ್ನ ಮನ್ಯಾಗ ಎಷ್ಟು ಮರ್ಯಾದಿ ಅದ ಅಂತ ಗೊತ್ತಾತು," ಎಂದವನೇ ಟ್ಯಾಂಕು ಹೇರಿಸಿಕೊಂಡು ಚಿತ್ತಾಪುರದ ದಾರಿ ಹಿಡಿದ. ನಾನು ಫೋನು ಮಾಡಿದಂತೆಲ್ಲ ಕಟ್ ಮಾಡಿದ. ಇವರು ಮಾಡಿದಾಗ ಎತ್ತಿಕೊಂಡ. ಸೇಡಮ್ಮಿನ ಒಂದು ವೆಲ್ಡಿಂಗ್ ಅಂಗಡಿ ಮುಂದೆ ಇದ್ದನಂತೆ. "ಇಲ್ಲಿನವ ಅಂಜೂ ಮನಿಷ್ಯಾ ಅಲ್ಲ. ಇನ್ನೊಮ್ಮೆ ನೀರು ಹಾಕಿ ಜಾಲಾಡ್ಸಿ ಶುರು ಮಾಡ್ಲಿಕತ್ತಾನ," ಅಂದ. "ಬ್ಯಾಡ್ರಿ ಭಾವಾ, ಅವರ ಕೈಯಾಗ ಫೋನ್ ಕೊಡ್ರಿ," ಎಂದು ಇವರು ಕೂಗುತ್ತಿದ್ದಂತೆಯೇ ಫೋನಿಟ್ಟ.

ಆಮೇಲೆ ಬಂದ ಕರೆ ಯಾರೋ ಅಪರಿಚಿತರದು.

ಬೆಂಕಿ ತಾಗಿ ತೂತು ಬೀಳುವಷ್ಟರಲ್ಲಿ ಟ್ಯಾಂಕಿನ ಒಂದು ಬದಿಯ ಮುಚ್ಚಳವೇ ಕಿತ್ತು ಹಾರಿತ್ತಂತೆ. ಮೇಲಿನ ತಗಡು ಹರಿದು ರಸ್ತೆಯಾಚೆ ಬಿದ್ದಿತ್ತು. ವೆಲ್ಡರನ ಎರಡೂ ಕೈ, ಎದೆ ಸುಟ್ಟಿದ್ದವು. ಹಿಂದೆ ನಿಂತಿದ್ದ ಅಣ್ಣ ಗೋಡೆಗೆ ಬಡಿದು ಭುಜದ ಎಲುಬು ಮುರಿದುಕೊಂಡಿದ್ದ. ಒಂದು ಕಿವಿ ಕೇಳಿಸುತ್ತಿರಲಿಲ್ಲ.

ನಾವಿಬ್ಬರೂ ಕಲಬುರಗಿಯ ಆಸ್ಪತ್ರೆಗೆ ಹೋದಾಗ ಹೊರಗಿನ ಬೆಂಚಿನ ಮೇಲೆ ವೆಲ್ಡರನ ಹೆಂಡತಿ ಕುಳಿತಿದ್ದಳು. "ಟ್ಯಾಂಕ್ ತಂದವರು ನಿಮ್ಮವರೇನ್ರಿ?" ಎಂದು ಕೇಳಿದಳು. ಹೌದೆಂದೆ. ಅವಳು ಬೈಯಲಿಲ್ಲ; ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದಳು. ಅವಳ ಪಕ್ಕದಲ್ಲಿ ಕುಳಿತಿದ್ದು, ಆಮೇಲೆ ಒಳಗೆ ಹೋದೆ.

ಒಳಗೆ ಅಣ್ಣ, ಒಂದು ಕಿವಿ ಕೇಳಿಸದ ಕಾರಣ, ವಾರ್ಡಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ. ನನ್ನನ್ನು ನೋಡಿ ಕಣ್ಣೀರು ಹಾಕಿದ. ನಾನು ಅವನ ತಲೆ ಸವರಿದೆ. ಕಣ್ಣು ಒರೆಸಿಕೊಂಡವನೇ ಇವರ ಕಡೆ ತಿರುಗಿ, "ಹೆಂಗೂ ಒಂದು ಬಾಜೂ ಒಡದದ. ಅಂಚು ಒಂಚೂರು ಸಾಫ್ ಮಾಡಿಕೊಟ್ರ ಒಂದು ದೋಣಿಯಾದ್ರೂ ಆಗ್ತದಲ್ರಿ?" ಅಂದ.

ಇವರು ಮಂಚದ ಹತ್ತಿರ ಸರಿದು, ಅವನ ಕೇಳುವ ಕಿವಿಗೆ ಬಾಗಿ, "ಇಲ್ಲ ಭಾವಾ. ನಾ ಮಾಡಂಗಿಲ್ಲ. ನೀವೂ ಬ್ಯಾರೆ ಯಾರ ಹತ್ರಾನೂ ಮಾಡ್ಸಂಗಿಲ್ಲ," ಎಂದು ಒದರಿದರು. ನರ್ಸು ಬಂದು ಗದರಿದಳು.

ವೆಲ್ಡರ್ ಬದುಕಿದ. ಬಲಗೈ ಬೆರಳು ಪೂರಾ ಮಡಚಲು ಬರುವುದಿಲ್ಲವಂತೆ. ಕಟರ್ ಹಿಡಿಯುವುದು ಬಿಟ್ಟಿದ್ದಾನೆ. ಹೋಗಿ ಅವನನ್ನು ಕಂಡು ಬಾ ಎಂದು ಅಣ್ಣನಿಗೆ ಎಷ್ಟು ಸಲ ಹೇಳಿದೆನೋ. ಕೊನೆಗೆ ಹೊಸ ತೊಗರಿ ಬಂದಾಗ ಒಂದು ಚೀಲ ಹೊತ್ತುಕೊಂಡು ಹೋಗಿದ್ದ.

"ಏನಂದ ಅಣ್ಣಾ?" ಎಂದು ಫೋನಿನಲ್ಲಿ ಕೇಳಿದೆ.

"ಪಾಪ, ಭಾಳ ಒಳ್ಳೆಯವ. ನಸೀಬಿನಾಗ ಇತ್ತು, ಆತು, ಅಂದ. ನಾನೂ ಹೌದಪಾ ಅಂದೆ. ಚಾ ಕುಡದು ಬಂದೆ."

ತೊಳೆದವನು ಒಬ್ಬ, ಸೀಳಿದವನು ಒಬ್ಬ. ಇಬ್ಬರೂ ಕೂಡಿ ಎಲ್ಲವನ್ನೂ ನಸೀಬಿನ ತಲೆಗೆ ಕಟ್ಟಿ ಚಹಾ ಕುಡಿದಿದ್ದಾರೆ. ಅಣ್ಣ ಇನ್ನೂ ಏನೋ ಜೋರಾಗಿ ಹೇಳುತ್ತಲೇ ಇದ್ದ. ನಾನು ಫೋನನ್ನು ಇವರ ಕೈಗೆ ಕೊಟ್ಟು ಎದ್ದುಹೋದೆ.