ಎರಡು ಎಡತೋಳು

ನಮ್ಮ ಬೀದಿಯಲ್ಲಿ ಅಣ್ಣನಿಗೆ ತಂತಾನೇ ಟೈಲರ್ ಎಂದೇ ಹೆಸರು. ಅವನ ಅಂಗಡಿಯಲ್ಲಿ ಎಲ್ಲವೂ ತಂತಾನೇ ಆಗುತ್ತದೆ. ಕತ್ತರಿ ಓಡಿಬಿಡುತ್ತದೆ, ಸೊಂಟ ಬಿಗಿಯಾಗಿಬಿಡುತ್ತದೆ, ಹೇಳಿದ ದಿನ ತಪ್ಪಿಹೋಗುತ್ತದೆ. ಯಾರಾದರೂ ಚೆನ್ನಾಗಿ ಹೊಲಿದಿದ್ದೀರಿ ಎಂದರೂ ಅವನ ಉತ್ತರ ಅದೇ: "ಹೂಂ, ಚೆನ್ನಾಗಿ ಬಂತು." ಎಲ್ಲಿಂದ ಬಂತೋ. ತಪ್ಪನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡವನಿಗೆ ಹೊಗಳಿಕೆಯೂ ಒಳಗೆ ಬರದು ಪಾಪ.

ಮಗಳನ್ನು ಮಡಿಲಲ್ಲಿ ಹಾಕಿಕೊಂಡು ನಾನು ಅಲ್ಲೇ ಕಾಜ ಹೊಲಿಯುತ್ತೇನೆ. ಮೊನ್ನೆ ನೋಡುತ್ತೇನೆ, ಅಣ್ಣ ಕತ್ತರಿಸಿಟ್ಟ ಎರಡೂ ತೋಳು ಎಡಗೈಯದೇ. ಆ ಬಟ್ಟೆ ಕೊಟ್ಟವರು ಶಾಲೆಯ ಟೀಚರ್: ತೀರಿಹೋದ ಅವರಪ್ಪ ಹೊದೆಯುತ್ತಿದ್ದ ಬೂದು ಉಣ್ಣೆಯ ಶಾಲು. ಕೋಟಾಗಿಯಾದರೂ ಮೈಮೇಲಿರಲಿ ಎಂದು ತಂದಿದ್ದರು. ಹೊರಮೈ ನುಣುಪು, ಒಳಮೈ ಒರಟು. ತಿರುಗಿಸಿ ಹಾಕುವಂತಿಲ್ಲ, ಇನ್ನೊಂದು ತೋಳಿಗೆ ಬಟ್ಟೆಯೂ ಉಳಿದಿರಲಿಲ್ಲ. ನಾಲ್ಕು ಗಂಟೆಗೆ ಅವರು ಬರುವವರಿದ್ದರು.

"ಕರೆಂಟ್ ಹೋಯ್ತು, ಕತ್ತರಿ ತಿರುಗಿಬಿಡ್ತು ಅಂತೀನಿ," ಅಂದ.

"ಕತ್ತರಿಗೆ ಅಷ್ಟು ಬುದ್ಧಿ ಇದ್ರೆ ನೀನ್ಯಾಕಣ್ಣ ಅಂಗಡೀಲಿ?"

"ಮಗು ಅಳ್ತಿತ್ತು ಅನ್ನೋಣ?"

"ಎಂಟು ತಿಂಗಳ ಸೋದರಸೊಸೆ ಮೇಲೆ ಹಾಕ್ತೀಯಾ? ಅವಳಿಗೆ ಎಡ ಯಾವುದು, ಬಲ ಯಾವುದು ಗೊತ್ತಿಲ್ಲ. ನಿನ್ನ ಹಾಗೇ. ಒಂದ್ಸಲ 'ನಾನು' ಅಂತ ಶುರು ಮಾಡಿ ನೋಡು."

"ನಾನು..." ಎಂದವನು ಟೇಪು ಸುತ್ತಿದ, ಬಿಚ್ಚಿದ. "ನಾನೇನು ಮಾಡ್ಲಿ, ಹಾಗಾಯ್ತು."

ನನಗೆ ನಗು ಬಂತು.

ಟೀಚರ್ ಬಂದರು. ಅಣ್ಣ ಬಲ್ಬು ನೋಡಿದ, ಕತ್ತರಿ ನೋಡಿದ, ನನ್ನ ಮಗಳನ್ನೂ ನೋಡಿದ. ನಾನು ಅವಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಮೇಡಂ, ನಾನು ತಪ್ಪು ಕತ್ತರಿಸಿದೆ. ಎರಡೂ ಎಡತೋಳು. ನೋಡದೆ ಕತ್ತರಿಸಿದ್ದು ನಾನೇ."

ಟೀಚರ್ ಒಂದು ತೋಳನ್ನೆತ್ತಿ ಮಡಿಲಲ್ಲಿಟ್ಟುಕೊಂಡು ಕೂತರು. ಬೈದಿದ್ದರೆ ಅಣ್ಣನಿಗೆ ಹಗುರವಾಗುತ್ತಿತ್ತೇನೋ.

"ಈಗೇನ್ಮಾಡ್ತೀರಿ?" ಎಂದು ಕೇಳಿದರು.

"ನೀವು ಹೇಳಿದ ಹಾಗೆ..."

"ನಾನು ಯಾಕೆ ಹೇಳ್ಲಿ? ಕತ್ತರಿಸಿದ್ದು ನೀವು ತಾನೆ."

ಅಣ್ಣ ಇನ್ನೊಂದು ತೋಳನ್ನು ಕೈಗೆತ್ತಿಕೊಂಡ. "ಬಲತೋಳು ಬೇರೆ ಬಟ್ಟೇಲಿ ಹಾಕ್ತೀನಿ. ಬಣ್ಣ ಯಾವುದು..."

"ನೀವೇ ಆರಿಸಿ," ಎಂದು ಎದ್ದು ಹೋದರು.

ಎರಡು ದಿನ ಮನೆಯಲ್ಲಿ ಬೂದು, ಕಪ್ಪು, ನೀಲಿ ಚೂರುಗಳದ್ದೇ ರಾಜ್ಯಭಾರ. "ನೀನೇ ಒಂದು ಹೇಳೇ," ಎಂದು ನನ್ನ ಬೆನ್ನು ಬಿದ್ದ. ನನಗೆ ಮಗಳ ಬಟ್ಟೆ ಒಗೆಯುವುದಿತ್ತು. ಕೊನೆಗೆ ಯಾರನ್ನೂ ಕೇಳದೆ ಇಟ್ಟಿಗೆ ಕೆಂಪಿನ ಉಣ್ಣೆ ತಂದು ಹೊಲಿದ. ನಾನಾಗಿದ್ದರೆ ಖಂಡಿತ ಅದನ್ನು ಆರಿಸುತ್ತಿರಲಿಲ್ಲ. ಬಾಯಿಗೆ ಬಂದ ಮಾತನ್ನು ದಾರದ ಜೊತೆ ಕಚ್ಚಿಕೊಂಡೆ.

ಟೀಚರ್ ಕೋಟು ತೊಟ್ಟು ಕನ್ನಡಿಯ ಮುಂದೆ ಬಲಗೈ ಎತ್ತಿದರು, ಇಳಿಸಿದರು.

"ಬಣ್ಣ ಹೊಂದೋದೇ ಇಲ್ಲ."

"ಹೂಂ, ಹೊಂದಲ್ಲ," ಅಂದ ಅಣ್ಣ. "ಬೇರೆ ಹಾಕಿಕೊಡ್ತೀನಿ. ಇದನ್ನ ಆರಿಸಿದ್ದು ನಾನೇ."

ಟೀಚರ್ ಇನ್ನೊಮ್ಮೆ ನೋಡಿಕೊಂಡರು. ಎಡತೋಳಿನ ಬೂದು ಉಣ್ಣೆಯನ್ನು ಮೆಲ್ಲಗೆ ಸವರಿದರು. ಆಮೇಲೆ ಗುಂಡಿಗಳನ್ನೆಲ್ಲ ಹಾಕಿಕೊಂಡು, ಬಿಚ್ಚದೆ, ಹಾಗೇ ಬೀದಿಗಿಳಿದರು.