ಕನ್ನಮ್ಮ ಚರಂಡಿಗೆ ಸುರಿಯದ ಮಸಿ

ಬೆಳಗಿನ ಆರು ಗಂಟೆ. ತೀರ್ಥಹಳ್ಳಿಯ ಹಿಂದಿನ ಬೀದಿಯ ಮುದ್ರಣಾಲಯವೊಂದರಲ್ಲಿ ರಾತ್ರಿಯಿಡೀ ಓಡಿದ ಯಂತ್ರ ಈಗಷ್ಟೇ ನಿಂತಿದೆ. ಶಾಲೆಯೊಂದರ ವಾರ್ಷಿಕ ಸಂಚಿಕೆಗೆ ನೀಲಿ ಹಾಕಿ ಮುಗಿದಿದೆ. ಕೆಂಪು ಹಾಕುವ ಮೊದಲು ರೋಲರ್‌ಗಳು ಶುಚಿಯಾಗಬೇಕು. ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟ ಕನ್ನಮ್ಮ ಯಂತ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಮೊದಲು ರದ್ದಿ ಕಾಗದ ಒತ್ತಿ ಮಸಿ ಹೀರಿಸುತ್ತಾರೆ. ಆಮೇಲೆ ಬಟ್ಟೆಗೆ ಸೀಮೆಎಣ್ಣೆ ಘಾಟಿನ ದ್ರಾವಣ ತಾಗಿಸಿ ಒರೆಸುತ್ತಾರೆ. ತಟ್ಟೆಗೆ ಇಳಿದ ನೀಲಿ ಕೊಳೆಯನ್ನು ಹನಿಯೂ ಚೆಲ್ಲದಂತೆ ಡಬ್ಬಿಗೆ ಬಗ್ಗಿಸುತ್ತಾರೆ.

“ಮಾತಾಡಿ, ಪರ್ವಾಗಿಲ್ಲ. ಕೈ ಮಾತ್ರ ನಿಲ್ಸಕ್ಕಾಗಲ್ಲ, ಮಸಿ ಒಣಗ್ತದೆ” ಎನ್ನುತ್ತಾರೆ, ತಲೆ ಎತ್ತದೆ.

ಐವತ್ತು ದಾಟಿದ ಕನ್ನಮ್ಮ ಮೇಳಿಗೆಯವರು. ಗಂಡ ವೆಂಕಟ್ರಮಣ ಲಾರಿಗೆ ಮರ ತುಂಬುವಾಗ ಬೆನ್ನು ಮುರಿದುಕೊಂಡು ಮನೆ ಹಿಡಿದ ಮೇಲೆ ಇಲ್ಲಿಗೆ ಮದುವೆ ಕರೆಯೋಲೆ ಮಡಿಸಲು ಬಂದರು. ಯಂತ್ರ ತೊಳೆಯುತ್ತಿದ್ದವನು ಕೈಗೆ ಕಜ್ಜಿಯಾಗಿ ಬಿಟ್ಟುಹೋದ. ಆ ಕೆಲಸ ಇವರ ಪಾಲಿಗೆ ಬಂತು. ಈಗ ಇವರ ಬೆರಳ ಸಂದಿಗಳೂ ಒಡೆದಿವೆ. “ಊಟಕ್ಕೆ ಕೂತ್ರೂ ಇದೇ ವಾಸನೆ. ಸಾರಿನ ರುಚಿ ನಂಗೆ ಮರ್ತೇ ಹೋಗಿದೆ ಮಾರಾಯ್ರೆ.”

ಮೊದಲೆಲ್ಲ ತೊಳೆದ ಕೊಳೆ ಹಿಂಬದಿಯ ಚರಂಡಿಗೇ ಹೋಗುತ್ತಿತ್ತು. ಹಿಂದಿನವನು ಸುರಿಯುತ್ತಿದ್ದ, ಇವರೂ ಸುರಿದರು. ಬೇಡ ಎಂದವರು ಯಾರೂ ಇರಲಿಲ್ಲ.

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಕೆಳಗಿನ ವಠಾರದ ಮೂಕಮ್ಮನ ಬಾವಿ ನಾರತೊಡಗಿತು. ನೀರಿನ ಮೇಲೆ ಬಣ್ಣಬಣ್ಣದ ಜಿಡ್ಡು, ಅನ್ನದಲ್ಲಿ ಎಣ್ಣೆ ವಾಸನೆ. ವಠಾರದವರೆಲ್ಲ ಪಕ್ಕದ ಬೈಕ್ ಗ್ಯಾರೇಜಿನ ಸಚಿನ್ ಮೇಲೆ ಮುಗಿಬಿದ್ದರು. ತಾನು ಹಳೇ ಆಯಿಲನ್ನು ಕ್ಯಾನಿಗೆ ತುಂಬಿಸಿ ಕೊಳ್ಳುವವರಿಗೆ ಕೊಡುತ್ತೇನೆ ಎಂದು ಅವನು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಗ್ಯಾರೇಜಿದ್ದ ಮಳಿಗೆಯ ಮಾಲೀಕರು ಖಾಲಿ ಮಾಡು ಎಂದರು. ಅವನು ಪಾನಾ, ಜಾಕು ಎಲ್ಲವನ್ನೂ ಗೋಣಿಗೆ ತುಂಬುವುದನ್ನು ಕನ್ನಮ್ಮ ಪ್ರೆಸ್ಸಿನ ಕಿಟಕಿಯಿಂದ ನೋಡಿದರು.

“ಅವತ್ತು ಬುತ್ತಿ ಬಿಚ್ಚಿದ್ದೆ, ಹಂಗೇ ಮುಚ್ಚಿಟ್ಟೆ. ಎದ್ದು ಬಾವಿಕಟ್ಟೆಗೆ ಹೋದೆ. ‘ಮೂಕಕ್ಕ, ಆ ಹುಡುಗನ್ನ ಬೈಬೇಡಿ. ಅದು ನಮ್ಮ ಪ್ರೆಸ್ಸಿನ ಕೊಳೆ. ಹೊಯ್ಯೋಳು ನಾನೇ’ ಅಂದೆ.”

ಮೂಕಮ್ಮ ಏನಂದರು?

“ಎಂತ ಅಂತಾರೆ? ಕೈಲಿದ್ದ ಕೊಡ ನನ್ನ ಕಾಲಬುಡಕ್ಕೇ ಸುರಿದ್ರು. ಒಂದು ವರ್ಷ ಮುಖ ಕೊಟ್ಟು ಮಾತಾಡ್ಲಿಲ್ಲ.”

ಸಚಿನ್ ಉಳಿದುಕೊಂಡ. ಮುದ್ರಣಾಲಯದ ಮಾಲೀಕ ಗಿರಿಧರ ಮಾತ್ರ ಸಿಟ್ಟಾದರು. ಆ ದಿನವನ್ನು ಅವರು ಮುಚ್ಚಿಡುವುದಿಲ್ಲ. “ನಂಗೆ ಒಂದು ಮಾತು ಹೇಳದೆ ಊರಿಗೆಲ್ಲ ಹೇಳಿದ್ರಲ್ಲ ಅಂತ ಕೂಗಾಡಿದೆ. ಬಾವಿ ಕೆಸರು ತೆಗೆಸಿಕೊಟ್ಟೆ. ‘ಇನ್ನು ಈ ಕೊಳೆ ಏನು ಮಾಡ್ಬೇಕು ಅಂತ ನೀವೇ ಹೇಳಿ’ ಅಂದೆ. ಸಿಟ್ಟಲ್ಲಿ ಅಂದಿದ್ದು. ಅವರು ನಿಜಕ್ಕೂ ಹೇಳಿದ್ರು.”

ಕನ್ನಮ್ಮ ಕೇಳಿದ್ದು ಒಂದು ಡ್ರಮ್ಮು, ಒಂದಷ್ಟು ಮುಚ್ಚಳದ ಡಬ್ಬಿ. ಕೊಳೆ ಡ್ರಮ್ಮಿನಲ್ಲಿ ತಂಗಿದರೆ ಮಸಿ ಅಡಿಗಿಳಿಯುತ್ತದೆ. ಮೇಲಿನ ತಿಳಿಯನ್ನು ಮತ್ತೆ ಮೊದಲ ಸುತ್ತಿನ ಒರೆತಕ್ಕೆ ಬಳಸಬಹುದು. ಈಗ ಪ್ರೆಸ್ಸಿಗೆ ಮೊದಲಿನ ಅರ್ಧದಷ್ಟು ದ್ರಾವಣ ಸಾಕು. ಆದರೆ ಕೆಲಸ ಇಮ್ಮಡಿ. ದಿನಕ್ಕೆ ನಾಲ್ಕೈದು ಸಲ ಬಣ್ಣ ಬದಲಾಗುತ್ತದೆ. ಪ್ರತಿ ಸಲವೂ ಒರೆಸಬೇಕು, ಬಗ್ಗಿಸಬೇಕು, ಸೋಸಬೇಕು.

ಅಡಿಯ ಗಸಿ ತುಂಬಿದ ಡಬ್ಬಿಗಳು ಹೆಚ್ಚುತ್ತ ಹೋದವು. ಕಸದ ಗಾಡಿಯವರು ಮುಟ್ಟಲಿಲ್ಲ. ಗುಜರಿಯವನು ಮೂಗು ಮುಚ್ಚಿಕೊಂಡ. ಇಂಥ ತ್ಯಾಜ್ಯ ಒಯ್ಯಲು ಪರವಾನಗಿ ಇರುವ ಲಾರಿಯವರು ಶಿವಮೊಗ್ಗದಿಂದ ಫೋನಿನಲ್ಲೇ ಹೇಳಿದರು: ಒಂದು ಪ್ರೆಸ್ಸಿನ ಡಬ್ಬಿಗಾಗಿ ಮಲೆನಾಡಿನ ದಾರಿ ಸುತ್ತಿ ಬರುವುದಿಲ್ಲ.

ಹಾಗಾದರೆ ಬೇರೆ ಪ್ರೆಸ್ಸುಗಳನ್ನೂ ಸೇರಿಸಬೇಕು. ವಾರದ ರಜೆಯ ದಿನ ಕನ್ನಮ್ಮ ಬಸ್ಸು ಹತ್ತಿದರು. ಹೊಸನಗರದಲ್ಲಿ ಕೂತುಕೊಳ್ಳಿ ಎಂದವರೂ ಇಲ್ಲ. “ಅಲ್ಲಮ್ಮ, ನಿಮ್ಮ ಯಜಮಾನ್ರು ಕಳ್ಸಿದ್ರಾ, ಇಲ್ಲ ಸಂಘದವ್ರಾ?” ಎಂದು ಒಬ್ಬರು ನಕ್ಕರು. ಸಾಗರದಲ್ಲಿ ಎರಡು ಪ್ರೆಸ್ಸು ಹತ್ತಿ ಇಳಿದ ಮೇಲೆ ಮೂರನೆಯದರಲ್ಲಿ ರಂಜನಾ ಸಿಕ್ಕರು. ಗಂಡನ ಜೊತೆ ಪ್ರೆಸ್ಸು ನಡೆಸುವವರು. ಕನ್ನಮ್ಮನ ಕೈ ನೋಡಿ, ತಾವು ಕೊಳೆ ಎಲ್ಲಿ ಚೆಲ್ಲುತ್ತೇವೆಂದು ಇದ್ದಲ್ಲಿಂದಲೇ ಗಂಡನಿಗೆ ಫೋನು ಮಾಡಿ ತಮ್ಮ ಹವ್ಯಕ ಮಾತಿನಲ್ಲಿ ಕೇಳಿದರಂತೆ: “ಎಂಗೊ ಈ ಕೊಳೆ ಎಲ್ಲಿ ಚೆಲ್ತ್ಯ? ನಂಗೆ ಗೊತ್ತೇ ಇಲ್ಲೆ!”

ಉಳಿದವರನ್ನು ಒಪ್ಪಿಸಿದ್ದು ರಂಜನಾ. ಹೊಸನಗರದಲ್ಲಿ ನಕ್ಕವರೂ ಕೊನೆಗೆ ಡ್ರಮ್ಮು ಇಟ್ಟರು. ಕಳೆದ ಚಳಿಗಾಲದಲ್ಲಿ ಮೂರೂ ಊರು ಸುತ್ತಿ ಲಾರಿ ಬಂತು. ಡಬ್ಬಿಗಳನ್ನು ಎತ್ತಿಕೊಡಲು ಕನ್ನಮ್ಮನ ಜೊತೆ ಬಂದವನು ಸಚಿನ್. ಲಾರಿ ಹೊರಟ ಮೇಲೆ ಇಬ್ಬರೂ ಒಟ್ಟಿಗೆ ಚಹ ಕುಡಿದರಂತೆ. ಈ ವರ್ಷವೂ ಲಾರಿ ಬಂದು ಹೋಗಿದೆ.

ಕೆಟ್ಟದ್ದೆಲ್ಲ ಸರಿಹೋಗಿಲ್ಲ. ಮೂಕಮ್ಮನ ವಠಾರದವರು ಬಾವಿ ನೀರನ್ನು ಬಟ್ಟೆ ಒಗೆಯಲು, ಗಿಡಕ್ಕೆ ಬಳಸುತ್ತಾರೆ, ಕುಡಿಯುವುದಿಲ್ಲ. ಈಗ ಮಾತಿಗೆ ಸಿಗುವ ಮೂಕಮ್ಮ ಹೇಳುತ್ತಾರೆ: “ವಾಸನೆ ಹೋಗಿದೆ. ಆದ್ರೂ ಬಾಯಿಗಿಡಕ್ಕೆ ಮನಸ್ಸು ಬರಲ್ಲ. ಅವಳು ಬಂದು ಹೇಳ್ದೇ ಇದ್ದಿದ್ರೆ ಇವತ್ತಿಗೂ ನಾವು ಆ ಹುಡುಗನ್ನೇ ಬೈತಿರ್ತಿದ್ವು.”

ಬಿಸಿಲು ಬೀದಿಗಿಳಿದಿದೆ. ರೋಲರ್‌ಗಳು ಹೊಳೆಯುತ್ತಿವೆ. ಗೋಡೆಗೆ ಒರಗಿ ಕಾಲು ಚಾಚಿದ ಕನ್ನಮ್ಮನನ್ನು ರಜೆಯ ಬಗ್ಗೆ ಕೇಳಿದರೆ ನಗುತ್ತಾರೆ. ವಾರದ ರಜೆ ಬಿಟ್ಟರೆ ಇವರು ರಜೆ ಹಾಕಿ ಬಹಳ ಕಾಲವಾಯಿತು. ನಿಟ್ಟೂರಿನಲ್ಲಿರುವ ಅಕ್ಕ ಕರೆದೂ ಕರೆದೂ ಸೋತಿದ್ದಾರೆ. ತಾನಿಲ್ಲದ ದಿನ ಬದಲಿಗೆ ಬಂದವರು ಅವಸರಕ್ಕೆ ಚರಂಡಿ ಕಡೆ ತಿರುಗಿದರೆ ಎಂಬ ದಿಗಿಲು.

“ಎಲ್ರೂ ‘ಕನ್ನಮ್ಮ ಇದಾರಲ್ಲ’ ಅಂತಾರೆ. ಅದೇ ನಂಗೆ ಸುಸ್ತು. ನಾನು ಇಲ್ದಿದ್ರೂ ಇದು ಹಿಂಗೇ ನಡೀಬೇಕು. ಅಷ್ಟು ಧೈರ್ಯ ಬಂದ ದಿನ ಒಂದು ವಾರ ಅಕ್ಕನ ಮನೇಲಿ ಮಲಗ್ತೀನಿ. ಊಟಕ್ಕೂ ಎಬ್ಬಿಸ್ಬೇಡ ಅಂತ ಮೊದ್ಲೇ ಹೇಳಿಟ್ಟಿದೀನಿ.”